ದೇವರ ಬಗ್ಗೆ ಮಾತು, ದೇವರ ಹತ್ತಿರ ಮಾತು

ಕಷ್ಟ ಬಂದಾಗ ಬಾಯಿಗೆ ಮೊದಲು ಬರುವುದು ದೇವರ ಹೆಸರು. ದಿನಾ ಕೈಮುಗಿಯುವವರಿಗೂ ಹಾಗೇ, ಅಪರೂಪಕ್ಕೆ ನೆನೆಯುವವರಿಗೂ ಹಾಗೇ. ‘ಅಯ್ಯೋ ದೇವರೇ’ ಅನ್ನುವುದಕ್ಕೆ ಯಾರೂ ಯೋಚಿಸುವುದಿಲ್ಲ, ಉಸಿರಿನ ಜೊತೆಗೇ ಬಂದುಬಿಡುತ್ತದೆ. ತೊಡಕು ಶುರುವಾಗುವುದು ಅದರ ಮುಂದಿನ ಮಾತಿಗೆ. ‘ನಿನಗೆ ಕಣ್ಣಿಲ್ವಾ?’ ‘ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆ?’ ‘ಇಷ್ಟು ವರ್ಷ ನಂಬಿದ್ದಕ್ಕೆ ಇದೇನಾ ಫಲ?’ ಇನ್ನೂ ನೋವಾದರೆ, ‘ದೇವರೂ ಇಲ್ಲ, ದಿಂಡರೂ ಇಲ್ಲ.’

ಪಕ್ಕದಲ್ಲಿ ಕೂತವರು ತಕ್ಷಣ ಬಾಯಿ ಮುಚ್ಚಿಸುತ್ತಾರೆ. ‘ಬಿಡ್ತು ಅನ್ನು. ದೇವರಿಗೆ ಹಾಗೆಲ್ಲ ಅನ್ನಬಾರದು.’

ಏನು ಅನ್ನಬಾರದು, ಏನು ಅನ್ನಬಹುದು? ನೋವಿನಲ್ಲಿರುವವರು ನಾಲಿಗೆಯನ್ನು ಎಷ್ಟು ಬಿಗಿ ಹಿಡಿಯಬೇಕು? ದೇವರ ವಿಷಯದಲ್ಲಿ ಭಯಭಕ್ತಿ ಇರಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಭಯಭಕ್ತಿಯನ್ನು ನಾವು ಮಾತಿನ ನಯದಲ್ಲಿ ಹುಡುಕುತ್ತೇವೆ. ಧರ್ಮಗ್ರಂಥಗಳನ್ನು ಸ್ವಲ್ಪ ನಿಧಾನವಾಗಿ ಓದಿದರೆ ಅಲ್ಲಿ ಲೆಕ್ಕ ಬೇರೆಯೇ ಇದೆ.

ಈ ವಿಷಯ ಬಂದಾಗಲೆಲ್ಲ ಯೋಬನ ಹೆಸರು ಬರುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 42 ಅಧ್ಯಾಯಗಳ ಒಂದು ಪುಸ್ತಕವೇ ಅವನದ್ದು. ದನಕರು, ಆಳುಕಾಳು, ಏಳು ಗಂಡುಮಕ್ಕಳು, ಮೂರು ಹೆಣ್ಣುಮಕ್ಕಳು, ಎಲ್ಲ ಒಂದೇ ದಿನದಲ್ಲಿ ಹೋಗುತ್ತಾರೆ. ಯೋಬ ನೆಲಕ್ಕೆ ಬಿದ್ದು, ಯೆಹೋವನೇ ಕೊಟ್ಟ, ಯೆಹೋವನೇ ತೆಗೆದುಕೊಂಡ, ಅವನ ಹೆಸರಿಗೆ ಸ್ತೋತ್ರ ಅನ್ನುತ್ತಾನೆ. ಆಮೇಲೆ ಅಂಗಾಲಿಂದ ನೆತ್ತಿಯವರೆಗೆ ಹುಣ್ಣಾಗುತ್ತದೆ. ಆಗಲೂ ಅವನ ತುಟಿಯಿಂದ ಪಾಪದ ಮಾತು ಬರಲಿಲ್ಲ ಎಂದು ಪುಸ್ತಕ ಹೇಳುತ್ತದೆ.

ಉಪದೇಶ ಮಾಡುವವರು ಸಾಮಾನ್ಯವಾಗಿ ಇಲ್ಲಿಗೆ ಪುಸ್ತಕ ಮುಚ್ಚಿಬಿಡುತ್ತಾರೆ. ಆಗಿರುವುದು ಬರೀ ಎರಡು ಅಧ್ಯಾಯ. ಮೂರನೆಯದರಲ್ಲಿ ಯೋಬ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ಅವನ ಮಾತಿಗೆ ಕಡಿವಾಣವೇ ಇಲ್ಲ. ದೇವರ ಬಾಣಗಳು ನನ್ನ ಮೈಯಲ್ಲಿ ನಾಟಿವೆ, ಅವುಗಳ ವಿಷ ಕುಡಿಯುತ್ತಿದ್ದೇನೆ ಅನ್ನುತ್ತಾನೆ. ನನ್ನನ್ನೇ ಯಾಕೆ ಗುರಿ ಮಾಡಿಕೊಂಡೆ ಅನ್ನುತ್ತಾನೆ. ಎಂಜಲು ನುಂಗುವಷ್ಟು ಹೊತ್ತಾದರೂ ನನ್ನನ್ನು ಬಿಡಬಾರದಾ ಅನ್ನುತ್ತಾನೆ. ತಾಯಿಯ ಹೊಟ್ಟೆಯಿಂದ ನನ್ನನ್ನು ಯಾಕೆ ಹೊರಗೆ ತಂದೆ, ನನ್ನನ್ನು ಶತ್ರು ಅಂತ ಯಾಕೆ ಎಣಿಸುತ್ತೀಯ ಎಂದು ಕೇಳುತ್ತಾನೆ. ಪಕ್ಕದಲ್ಲಿ ನಮ್ಮವರು ಯಾರಾದರೂ ಇದ್ದಿದ್ದರೆ ‘ಬಿಡ್ತು ಅನ್ನು’ ಎಂದು ಹೇಳಿ ಹೇಳಿ ಅವರ ಬಾಯಿ ನೋಯುತ್ತಿತ್ತು.

ಅವನ ಪಕ್ಕದಲ್ಲಿ ಮೂವರು ಗೆಳೆಯರು ಇದ್ದರು. ಎಲೀಫಜ, ಬಿಲ್ದದ, ಚೋಫರ. ಬಂದವರು ಅವನ ಸ್ಥಿತಿ ನೋಡಿ ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಅನಿಸುತ್ತದೆ ನನಗೆ. ಬಾಯಿ ಬಿಟ್ಟ ಮೇಲೆ ಅವರು ಆಡಿದ್ದೆಲ್ಲ ದೇವರ ಪರವಾದ ಮಾತೇ. ದೇವರು ನ್ಯಾಯವಂತ, ತಪ್ಪು ಮಾಡದವರು ಯಾವತ್ತಾದರೂ ಹಾಳಾಗಿದ್ದಾರಾ, ನೀನೇನೋ ಮಾಡಿರಬೇಕು, ಒಪ್ಪಿಕೊಂಡು ಅವನ ಕಡೆ ತಿರುಗು. ಬಿಲ್ದದ ಇನ್ನೂ ಮುಂದೆ ಹೋಗಿ, ನಿನ್ನ ಮಕ್ಕಳು ಪಾಪ ಮಾಡಿದ್ದರೆ ಅದರ ಫಲ ಅವರಿಗೆ ಸಿಕ್ಕಿದೆ ಎನ್ನುವ ಅರ್ಥದ ಮಾತು ಹೇಳುತ್ತಾನೆ. ಹತ್ತು ಮಕ್ಕಳನ್ನು ಕಳೆದುಕೊಂಡವನ ಮುಂದೆ! ಕೇಳುವುದಕ್ಕೆ ಎಲ್ಲವೂ ಭಕ್ತಿಯ ಮಾತೇ. ಗೋಡೆಗೆ ಬರೆದು ಹಾಕಬಹುದಾದಂಥ ಸಾಲುಗಳೂ ಅದರಲ್ಲಿವೆ.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬನಿಗೂ ಪೆಟ್ಟು ಬೀಳುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತಿಳಿವಳಿಕೆಯಿಲ್ಲದ ಮಾತಾಡುವ ಇವನ್ಯಾರು ಎಂದೇ ದೇವರು ಶುರು ಮಾಡುವುದು. ಯೋಬ ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ. ಆದರೆ ತೀರ್ಪು ಬರುವ ಹೊತ್ತಿಗೆ ದೇವರು ಎಲೀಫಜನ ಕಡೆ ತಿರುಗುತ್ತಾನೆ. ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಕೋಪ ಬಂದಿದೆ, ನನ್ನ ವಿಷಯದಲ್ಲಿ ನನ್ನ ದಾಸ ಯೋಬ ಆಡಿದ ಹಾಗೆ ನೀವು ಸರಿಯಾದದ್ದನ್ನು ಆಡಲಿಲ್ಲ ಅನ್ನುತ್ತಾನೆ. ಈಗ ಅವರಿಗಾಗಿ ಪ್ರಾರ್ಥನೆ ಮಾಡಬೇಕಾದವನೂ ಯೋಬನೇ.

ಬಾಣ, ವಿಷ, ಶತ್ರು ಎಂದೆಲ್ಲ ಕೂಗಾಡಿದವನ ಮಾತು ಸರಿ. ದೇವರನ್ನು ಹೊಗಳಿದವರ ಮಾತು ಸರಿಯಲ್ಲ. ಇದು ಹೇಗೆ?

ನನಗೆ ಕಂಡ ಉತ್ತರ ಇಷ್ಟು. ಗೆಳೆಯರ ಭಾಷಣಗಳನ್ನು ಮೊದಲಿಂದ ಕೊನೆತನಕ ಓದಿ ನೋಡಿ. ದೇವರ ಬಗ್ಗೆ ಪುಟಗಟ್ಟಲೆ ಇದೆ. ದೇವರನ್ನು ಕರೆದು ಆಡಿದ ಮಾತು ಒಂದೂ ಇಲ್ಲ. ಗೆಳೆಯ ಬೂದಿಯಲ್ಲಿ ಕೂತು ಹುಣ್ಣು ಕೆರೆದುಕೊಳ್ಳುತ್ತಿದ್ದಾನೆ, ಅವನಿಗಾಗಿ ‘ದೇವರೇ, ಇವನನ್ನು ನೋಡು’ ಎಂದು ಒಬ್ಬನಾದರೂ ಕೇಳಲಿಲ್ಲ. ಯೋಬ ಹಾಗಲ್ಲ. ಗೆಳೆಯರಿಗೆ ಉತ್ತರ ಕೊಡುತ್ತಿದ್ದವನು ಮಾತಿನ ಮಧ್ಯೆಯೇ ದೇವರ ಕಡೆ ತಿರುಗಿಬಿಡುತ್ತಾನೆ. ಏಳನೇ ಅಧ್ಯಾಯದಲ್ಲಿ, ಹತ್ತರಲ್ಲಿ, ಹದಿಮೂರರಲ್ಲಿ, ಮತ್ತೆ ಮತ್ತೆ. ಅವನು ಜಗಳವಾಡುತ್ತಿರುವುದು ಎದುರಿಗೆ ಇದ್ದಾನೆ ಎಂದು ನಂಬಿರುವ ಒಬ್ಬನ ಜೊತೆ. ಉತ್ತರ ಕೊಡಬೇಕಾದವನು ಅವನೇ, ಬೇರೆ ಯಾರೂ ಅಲ್ಲ ಎನ್ನುವುದೂ ಒಂದು ಗೌರವವೇ ತಾನೇ?

ಇಲ್ಲೊಂದು ಮಾತು ಸೇರಿಸಬೇಕು. ‘ದೇವರನ್ನು ದೂಷಿಸಿ ಸಾಯಿ’ ಎಂದ ಯೋಬನ ಹೆಂಡತಿಗೆ ಶತಮಾನಗಳಿಂದ ಬೈಗುಳ ಬೀಳುತ್ತಿದೆ. ಸತ್ತ ಆ ಹತ್ತು ಮಕ್ಕಳು ಅವಳ ಮಕ್ಕಳೂ ಹೌದು ಅನ್ನುವುದು ಬೈಯುವವರಿಗೆ ಮರೆತೇಹೋಗುತ್ತದೆ. ಯೋಬ ಅವಳಿಗೆ ಮೂರ್ಖಳ ಹಾಗೆ ಮಾತಾಡುತ್ತೀಯ ಎಂದು ಗದರಿದ, ನಿಜ. ಆದರೆ ಕೊನೆಯ ತೀರ್ಪಿನಲ್ಲಿ ದೇವರ ಕೋಪ ಬಿದ್ದವರ ಪಟ್ಟಿಯಲ್ಲಿ ಅವಳಿಲ್ಲ. ಇರುವುದು ನಯವಾಗಿ ಮಾತಾಡಿದ ಆ ಮೂವರು.

ಮಹಾಭಾರತದಲ್ಲೂ ಇಂಥದ್ದೇ ಒಂದು ಜಾಗವಿದೆ. ವನಪರ್ವ. ರಾಜ್ಯ ಹೋಗಿದೆ, ಸಭೆಯಲ್ಲಿ ಮಾನ ಹೋಗಿದೆ, ಕಾಡಿನಲ್ಲಿದ್ದಾರೆ. ದ್ರೌಪದಿ ಧರ್ಮರಾಯನ ಮುಂದೆ ಸೃಷ್ಟಿಕರ್ತನ ಮೇಲೆಯೇ ಹರಿಹಾಯುತ್ತಾಳೆ. ಮಗು ಆಟದ ಸಾಮಾನು ಇಟ್ಟುಕೊಂಡು ಆಡುವ ಹಾಗೆ ಅವನು ನಮ್ಮನ್ನು ಕೂಡಿಸುತ್ತಾನೆ, ಬಿಡಿಸುತ್ತಾನೆ. ಅವನು ನಡೆದುಕೊಳ್ಳುವುದು ಅಪ್ಪ ಅಮ್ಮನ ಹಾಗಲ್ಲ, ಸಿಟ್ಟಿಗೆದ್ದ ಯಾರೋ ಸಾಮಾನ್ಯ ಮನುಷ್ಯನ ಹಾಗೆ. ಇದು ಅವಳ ಮಾತಿನ ಸಾರ. ಧರ್ಮರಾಯ ಪೂರ್ತಿ ಕೇಳಿಸಿಕೊಂಡು, ನಿನ್ನ ಮಾತು ಚೆನ್ನಾಗಿದೆ, ಆದರೆ ನೀನು ಆಡುತ್ತಿರುವುದು ನಾಸ್ತಿಕರ ಮಾತು ಎಂದು ತಿದ್ದುತ್ತಾನೆ. ಈಶ್ವರನನ್ನು ಹಳಿಯಬೇಡ ಅನ್ನುತ್ತಾನೆ.

ದ್ರೌಪದಿಯ ಉತ್ತರ ನನಗೆ ತುಂಬ ಇಷ್ಟ. ನಾನು ಧರ್ಮವನ್ನು ಹಳಿಯುವುದಿಲ್ಲ, ಇನ್ನು ಈಶ್ವರನನ್ನು ಎಲ್ಲಿ ಹಳಿಯಲಿ? ನೊಂದಿದ್ದೇನೆ, ಅದಕ್ಕೇ ಹೀಗೆ ಹಲುಬುತ್ತಿದ್ದೇನೆ ಎಂದು ತಿಳಿದುಕೋ ಅನ್ನುತ್ತಾಳೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಕ್ಷಮೆ ಕೇಳಿದ ಹಾಗಾಗುತ್ತಿತ್ತು. ಅವಳು ನಿಲ್ಲಿಸುವುದಿಲ್ಲ. ಇನ್ನೂ ಹಲುಬುತ್ತೇನೆ, ಕೇಳಿಸಿಕೋ ಎಂದು ಮುಂದುವರಿಸುತ್ತಾಳೆ.

ಯಹೂದಿ ಗುರುಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್‌ನಲ್ಲಿ ಯೋಬನ ಮಾತುಗಳ ಮೇಲೆ ದೊಡ್ಡ ಚರ್ಚೆಯೇ ಇದೆ. ಅಲ್ಲಿ ಗುರುಗಳು ಅವನನ್ನು ಸುಮ್ನೆ ಬಿಡುವುದಿಲ್ಲ, ಹಾಗೆ ಅನ್ನಬಾರದಿತ್ತು ಎಂದು ಚೆನ್ನಾಗಿಯೇ ಬೈಯುತ್ತಾರೆ. ಆದರೆ ಅದೇ ಚರ್ಚೆಯಲ್ಲಿ 4ನೇ ಶತಮಾನದ ಗುರು ರಾವಾ ಒಂದು ಮಾತು ಹೇಳುತ್ತಾನೆ. ನೋವಿನ ಹೊತ್ತಿನಲ್ಲಿ ಆಡಿದ ಮಾತಿಗೆ ಮನುಷ್ಯನನ್ನು ಹಿಡಿಯುವುದಿಲ್ಲ. ದ್ರೌಪದಿ ತನ್ನ ಪರವಾಗಿ ಹೇಳಿಕೊಂಡದ್ದನ್ನೇ ಎಲ್ಲೋ ದೂರದಲ್ಲಿ ರಾವಾ ಯೋಬನ ಪರವಾಗಿ ಹೇಳಿದ ಹಾಗಿದೆ. ಅದೇ ತಾಲ್ಮುದ್‌ನ ಇನ್ನೊಂದು ಕಡೆ, ಮಾತಿನಿಂದ ನೋಯಿಸುವುದು ತಪ್ಪು ಎಂದು ಹೇಳುವಾಗ ಒಂದು ಉದಾಹರಣೆ ಕೊಡುತ್ತಾರೆ. ಕಾಯಿಲೆ ಬಿದ್ದವರಿಗೆ, ಮಕ್ಕಳನ್ನು ಮಣ್ಣು ಮಾಡಿದವರಿಗೆ, ಯೋಬನ ಗೆಳೆಯರು ಮಾತಾಡಿದ ಹಾಗೆ ಮಾತಾಡಬಾರದು. ಅಂದರೆ ಆ ಗೆಳೆಯರ ಭಕ್ತಿಯ ಮಾತನ್ನು ಅವರು ಸೇರಿಸಿದ್ದು ನೋಯಿಸುವ ಮಾತುಗಳ ಲೆಕ್ಕಕ್ಕೆ.

ಈ ಗೆಳೆಯರು ಈಗಲೂ ಇದ್ದಾರೆ. ನನ್ನ ಗೆಳತಿಯೊಬ್ಬಳು ಮಗಳನ್ನು ಕಳೆದುಕೊಂಡಾಗ ಬಂದವರೆಲ್ಲ ಒಂದೊಂದು ಮಾತು ಹೇಳಿ ಹೋದರು. ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾನೆ. ದೇವರು ತಡೆಯೋ ಶಕ್ತಿ ಇರೋರಿಗೇ ಕಷ್ಟ ಕೊಡೋದು. ಎಲ್ಲ ಹಿಂದಿನ ಜನ್ಮದ ಋಣ. ಒಬ್ಬರಂತೂ, ಇದರಲ್ಲೂ ಏನೋ ಒಳ್ಳೆಯದಿರುತ್ತೆ ಅಂದರು. ಅವಳು ಯಾರಿಗೂ ಎದುರಾಡಲಿಲ್ಲ. ಎಲ್ಲರೂ ಹೋದ ಮೇಲೆ, ‘ಇವರಿಗೆಲ್ಲ ಅವನು ಬಂದು ಹೇಳಿ ಹೋದನಂತಾ?’ ಎಂದು ಕೇಳಿದಳು. ಬಂದವರು ಕೆಟ್ಟವರಲ್ಲ. ಏನಾದರೂ ಹೇಳಲೇಬೇಕು ಎನ್ನುವ ಸಂಕಟ ಅವರದು. ಆದರೂ ದೇವರ ಮನಸ್ಸಿನಲ್ಲಿ ಏನಿದೆ ಎಂದು ನಮಗೆ ಗೊತ್ತಿರುವ ಹಾಗೆ ಆಡುವ ಮಾತಿಗೆ ಭಯಭಕ್ತಿ ಎನ್ನುವುದು ನನಗೆ ಕಷ್ಟ. ‘ನಿನಗೆ ಕಣ್ಣಿಲ್ವಾ’ ಎಂದು ಅತ್ತವಳ ಮಾತಿಗಿಂತ ‘ದೇವರು ಬೇಕಂತಲೇ ಮಾಡಿದ್ದು’ ಎಂದು ವಿವರಿಸಿದವರ ಮಾತು ಹೆಚ್ಚು ಧೈರ್ಯದ್ದು. ಬಾಯಿ ಮುಚ್ಚಿಸುವುದಾದರೆ ಅಲ್ಲಿಂದ ಶುರು ಮಾಡಬೇಕು.

ಒಂದೇ ಮಾತು ಯಾರ ಬಾಯಲ್ಲಿ ಬರುತ್ತದೆ ಎನ್ನುವುದರ ಮೇಲೆ ಬದಲಾಗುತ್ತದೆ. ಕೊಟ್ಟವನೂ ಅವನೇ, ತೆಗೆದುಕೊಂಡವನೂ ಅವನೇ ಎಂದು ಕಳೆದುಕೊಂಡವನು ಹೇಳಿದರೆ ಅದು ಆರಾಧನೆ. ಅದನ್ನೇ ನೋಡಲು ಬಂದವನು ಹೇಳಿದರೆ ಪಾಠ. ಭಾಗವತದಲ್ಲಿ ಕುಂತಿ ಕೃಷ್ಣನಿಗೆ, ನಮಗೆ ವಿಪತ್ತುಗಳು ಬರುತ್ತಲೇ ಇರಲಿ, ಆಗಲೇ ತಾನೇ ನೀನು ಕಾಣಿಸುವುದು ಅನ್ನುತ್ತಾಳೆ. ಕುಂತಿ ಹೇಳಬಹುದು. ಅವಳು ಅಷ್ಟೆಲ್ಲ ಪಟ್ಟಿದ್ದಾಳೆ. ಆ ಮಾತನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಇನ್ನೊಬ್ಬಳ ಬಾಯಲ್ಲಿ ಹೇಳಿಸುವ ಹಕ್ಕು ಯಾರಿಗೂ ಇಲ್ಲ.

ಹಾಗಾದರೆ ನೊಂದವರು ಏನು ಬೇಕಾದರೂ ಅನ್ನಬಹುದಾ? ಹಾಗೆ ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ನಾಲಿಗೆ ಹಿಡಿಯಬೇಕಾದ ಜಾಗಗಳಿವೆ. ಬೈಬಲಿನ ಕೀರ್ತನೆಗಳ ಪುಸ್ತಕದ 39ನೇ ಕೀರ್ತನೆ ಇದರ ಮೇಲೆಯೇ ಇದೆ. ದಾವೀದನ ಹೆಸರಿನ ಈ ಕೀರ್ತನೆಯಲ್ಲಿ ಹಾಡುವವನು ಮೊದಲು ಒಂದು ನಿರ್ಧಾರ ಮಾಡುತ್ತಾನೆ. ನಾಲಿಗೆಯಿಂದ ಪಾಪ ಮಾಡಬಾರದು, ದುಷ್ಟರು ಎದುರಿಗೆ ಇರುವ ತನಕ ಬಾಯಿಗೆ ಕುಕ್ಕೆ ಹಾಕಿಕೊಳ್ಳುತ್ತೇನೆ. ಹಾಕಿಕೊಂಡ. ಮೂಕನ ಹಾಗೆ ಸುಮ್ಮನಿದ್ದ. ಏನಾಯಿತು? ನೋವು ಜಾಸ್ತಿಯಾಯಿತು. ಎದೆ ಕಾದು ಒಳಗೆ ಬೆಂಕಿ ಹತ್ತಿತು. ಆಗ ಬಾಯಿ ಬಿಟ್ಟ. ಆದರೆ ಆ ಮಾತು ಎದುರಿಗಿದ್ದ ದುಷ್ಟರ ಕಿವಿಗೆ ಹೋಗಲಿಲ್ಲ, ನೇರ ದೇವರ ಹತ್ತಿರ ಹೋಯಿತು. ಅಲ್ಲಿ ಅವನು ನಯವಾಗೇನೂ ಮಾತಾಡುವುದಿಲ್ಲ. ಕೊನೆಯ ಸಾಲಿನಲ್ಲಿ, ನನ್ನ ಮೇಲಿಂದ ನಿನ್ನ ಕಣ್ಣು ತೆಗಿ, ಹೋಗುವ ಮುಂಚೆ ಸ್ವಲ್ಪ ನಗುತ್ತೇನೆ ಎಂದು ಕೇಳುತ್ತಾನೆ.

73ನೇ ಕೀರ್ತನೆಯ ಆಸಾಫ ಇನ್ನೊಂದು ಎಚ್ಚರ ಹೇಳುತ್ತಾನೆ. ಕೆಟ್ಟವರು ಕೊಬ್ಬುತ್ತಿರುವುದನ್ನು, ತಾನು ದಿನವೂ ಪೆಟ್ಟು ತಿನ್ನುತ್ತಿರುವುದನ್ನು ನೋಡಿ ಅವನ ನಂಬಿಕೆ ಜಾರುವುದರಲ್ಲಿತ್ತು. ಆದರೆ ದೇವರೇ, ಇದನ್ನೆಲ್ಲ ಹೀಗೇ ಆಡಿಬಿಟ್ಟಿದ್ದರೆ ನಿನ್ನ ಮಕ್ಕಳಿಗೆ ದ್ರೋಹ ಮಾಡಿದ ಹಾಗಾಗುತ್ತಿತ್ತು ಅನ್ನುತ್ತಾನೆ. ಇದು ನನಗೆ ತುಂಬ ಬೆಲೆಯ ಮಾತು ಅನಿಸುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ. ನಮ್ಮ ನಂಬಿಕೆಗೆ ಒರಗಿಕೊಂಡು ನಿಂತವರು ಇರುತ್ತಾರೆ. ದೇವರಿಗೆ ಹೇಳಬೇಕಾದ ಸಿಟ್ಟಿನ ಮಾತನ್ನು ಅವರ ಮೇಲೆ ಸುರಿದರೆ ಅದನ್ನು ಹೊರಲು ಅವರಿಗೆ ಆಗುವುದಿಲ್ಲ. ದೇವರಿಗೆ ಹೊರಲು ಆಗುತ್ತದೆ. ಬಾಗಿಲು ಹಾಕಿಕೊಂಡು ಅವನ ಹತ್ತಿರ ಕೂಗಾಡಿ, ಹೊರಗೆ ಬಂದು ಮಕ್ಕಳಿಗೆ ‘ನನಗೂ ಅರ್ಥ ಆಗ್ತಿಲ್ಲ ಕಂದಾ’ ಅನ್ನುವುದರಲ್ಲಿ ಮೋಸವೇನಿಲ್ಲ.

ನಾನು ತಡೆಯಬೇಕು ಅನ್ನುವ ಇನ್ನೊಂದು ಬಗೆಯ ಮಾತು ಗೇಲಿ. ಅಳು, ಸಿಟ್ಟು, ಜಗಳ ಇವೆಲ್ಲ ಎದುರಿಗಿರುವವನನ್ನು ಲೆಕ್ಕಕ್ಕೆ ತೆಗೆದುಕೊಂಡ ಮಾತುಗಳು. ಗೇಲಿ ಮಾಡುವವರು ದೇವರಿಗೆ ಬೆನ್ನು ಹಾಕಿ, ನೋಡುತ್ತಿರುವ ನಾಲ್ಕು ಜನರನ್ನು ನಗಿಸಲು ಮಾತಾಡುತ್ತಿರುತ್ತಾರೆ. ಇನ್ನು ಹರಕೆಯ ಮಾತು. ಇದನ್ನು ಉಳಿಸಿಕೊಡು, ಅದನ್ನು ಮಾಡಿಸುತ್ತೇನೆ ಎಂದು ಅವಸರದಲ್ಲಿ ಹೇಳಿಬಿಡುತ್ತೇವೆ. ದೇವರ ಮುಂದೆ ಮಾತು ಕಡಿಮೆಯಿರಲಿ, ಹರಕೆ ಹೊತ್ತು ತೀರಿಸದೆ ಇರುವುದಕ್ಕಿಂತ ಹೊರದಿರುವುದೇ ಮೇಲು ಎಂದು ಬೈಬಲಿನ ಪ್ರಸಂಗಿ ಎಂಬ ಪುಸ್ತಕ ಹೇಳುತ್ತದೆ. ಅದಕ್ಕಿಂತ ಹೆಚ್ಚು ನನಗೂ ಹೇಳಲಿಕ್ಕಿಲ್ಲ.

ಕುರ್‌ಆನ್‌ನ 12ನೇ ಅಧ್ಯಾಯದಲ್ಲಿ ಬರುವ ಪ್ರವಾದಿ ಯಾಕೂಬರ ಕಥೆಯಲ್ಲಿ ತಾಳ್ಮೆಯೂ ಅಳುವೂ ಒಟ್ಟಿಗೇ ಇವೆ. ಮಗ ಯೂಸುಫ್‌ನನ್ನು ತೋಳ ತಿಂದಿತು ಎಂದು ಉಳಿದ ಮಕ್ಕಳು ಸುಳ್ಳು ಹೇಳಿದಾಗ ಅವರು ಸುಂದರವಾದ ತಾಳ್ಮೆಯ ಮಾತಾಡುತ್ತಾರೆ. ವರ್ಷಗಳು ಕಳೆದ ಮೇಲೂ ಅದೇ ಮಾತು. ಆದರೂ ‘ಅಯ್ಯೋ ನನ್ನ ಯೂಸುಫ್’ ಎಂದು ಅತ್ತು ಅತ್ತು ಅವರ ಕಣ್ಣು ಬೆಳ್ಳಗಾಗುತ್ತದೆ. ಇನ್ನೂ ಅವನನ್ನು ನೆನೆಯುವುದು ಬಿಟ್ಟಿಲ್ಲವಾ ಎಂದು ಮಕ್ಕಳು ಕೇಳಿದಾಗ, ನನ್ನ ಸಂಕಟ ನನ್ನ ದುಃಖ ಹೇಳಿಕೊಳ್ಳುತ್ತಿರುವುದು ಅಲ್ಲಾಹನಿಗೆ ಮಾತ್ರ ಅನ್ನುತ್ತಾರೆ. ದುಃಖ ಹೇಳಿಕೊಳ್ಳುವುದೇ ತಾಳ್ಮೆಗೆಟ್ಟ ಲಕ್ಷಣ ಎನ್ನುವವರು ಈ ಕಥೆ ಓದಬೇಕು. ಪ್ರವಾದಿ ಮುಹಮ್ಮದರ ಮಗು ಇಬ್ರಾಹೀಂ ತೀರಿಕೊಂಡಾಗಲೂ ಅವರ ಕಣ್ಣಲ್ಲಿ ನೀರು ಬಂತು. ನೀವೂ ಅಳುತ್ತೀರಾ ಎಂದು ಪಕ್ಕದವರು ಬೆರಗಾದರು. ಕಣ್ಣು ನೀರಾಡುತ್ತದೆ, ಮನಸ್ಸು ಕೊರಗುತ್ತದೆ, ಆದರೆ ನಮ್ಮ ಪ್ರಭು ಮೆಚ್ಚುವುದನ್ನು ಮಾತ್ರ ಆಡುತ್ತೇವೆ ಎಂದರಂತೆ. ಅಳಬೇಡ ಎನ್ನುವ ನಿಯಮ ಅಲ್ಲಿ ಇರಲೇ ಇಲ್ಲ.

ಸ್ವಂತ ಮಾತು ಹುಟ್ಟದ ಹೊತ್ತೂ ಇರುತ್ತದೆ. ಆಗ ಹಿಂದಿನವರು ಮಾಡಿಟ್ಟ ಮಾತುಗಳು ನೆರವಿಗೆ ಬರುತ್ತವೆ. ನಾವು ಅಲ್ಲಾಹನವರು, ಅವನ ಬಳಿಗೇ ಮರಳುವವರು ಎನ್ನುವ ಮಾತನ್ನು ಸಾವಿನ ಸುದ್ದಿ ಕೇಳಿದ ಕೂಡಲೇ ಮುಸ್ಲಿಮರು ಹೇಳುತ್ತಾರೆ. ಯಹೂದಿಗಳು ಸತ್ಯವಾದ ನ್ಯಾಯಾಧೀಶನಿಗೆ ಸ್ತೋತ್ರ ಅನ್ನುತ್ತಾರೆ. ಸತ್ತವರಿಗಾಗಿ ಅವರು ಹೇಳುವ ಕದ್ದೀಶ್ ಎಂಬ ಪ್ರಾರ್ಥನೆಯಲ್ಲಿ ಸಾವಿನ ಹೆಸರೇ ಇಲ್ಲ, ಬರೀ ದೇವರ ಹೊಗಳಿಕೆ. ಬಾಯಿಪಾಠದ ಮಾತು ಎಂದು ಇವನ್ನು ಹಗುರ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಾಲು ನಡುಗುವಾಗ ಹಿಡಿದುಕೊಳ್ಳುವ ಕಟಕಟೆಯನ್ನು ನಾವೇ ಕಟ್ಟಿರಬೇಕು ಅಂತೇನಿಲ್ಲ ಅಲ್ವಾ? ನಾಲಿಗೆಗೆ ಮೊದಲೇ ರೂಢಿಯಾಗಿದ್ದ ಮಾತು ಮಾತ್ರ ಆ ಹೊತ್ತಿಗೆ ಬರುತ್ತದೆ. ಸುಖವಾಗಿದ್ದಾಗ ಒಂದು ದಿನವೂ ಮಾತಾಡಿಸದವನನ್ನು ಕಷ್ಟದಲ್ಲಿ ಹೇಗೆ ಕರೆಯಬೇಕೆಂದು ತೋಚುವುದಿಲ್ಲ.

ಕನ್ನಡದವರಿಗೆ ಇದೇನೂ ಹೊಸದಲ್ಲ. ದೇವರನ್ನು ಬೈದು ಹಾಡುವುದಕ್ಕೆ ನಮ್ಮಲ್ಲಿ ನಿಂದಾಸ್ತುತಿ ಎಂಬ ಪ್ರಕಾರವೇ ಇದೆ. ಅವನನ್ನು ಕಳ್ಳ ಎಂದವರಿದ್ದಾರೆ, ಕರುಣೆಯಿಲ್ಲದವನು ಎಂದವರಿದ್ದಾರೆ. ಕೇಳಿದ ಯಾರೂ ‘ಬಿಡ್ತು ಅನ್ನು’ ಎನ್ನಲಿಲ್ಲ, ಜೊತೆಗೆ ತಾಳ ಹಾಕಿದರು. ಹಾಡಿನಲ್ಲಿ ಒಪ್ಪಿಕೊಂಡದ್ದನ್ನು ಎದುರಿಗೆ ಕೂತು ಅಳುವವರ ಬಾಯಲ್ಲಿ ಯಾಕೋ ಒಪ್ಪಿಕೊಳ್ಳುವುದಿಲ್ಲ.

ಮಗಳನ್ನು ಕಳೆದುಕೊಂಡ ಆ ಗೆಳತಿ ಸ್ವಲ್ಪ ಕಾಲ ಪ್ರಾರ್ಥನೆ ಬಿಟ್ಟೇ ಬಿಟ್ಟಿದ್ದಳು. ಸಿಟ್ಟಿಗಲ್ಲ. ‘ಕೈಮುಗಿದರೆ ಕೊನೆಗೆ ನಿನ್ನ ಇಚ್ಛೆಯಂತೆ ಆಗಲಿ ಅನ್ನಬೇಕು. ಅದು ನನ್ನ ಬಾಯಲ್ಲಿ ಬರಲ್ಲ. ಸುಳ್ಳು ಹೇಳೋಕೆ ಇಷ್ಟ ಇಲ್ಲ’ ಅಂದಳು. ದೇವರ ಮುಂದೆ ಸುಳ್ಳು ಹೇಳಬಾರದು ಎಂದು ಬಾಯಿ ಕಟ್ಟಿಕೊಂಡು ಕೂತವಳಿಗೆ ಭಕ್ತಿಯ ಬಗ್ಗೆ ನಾನೇನು ಹೇಳಲಿ? 88ನೇ ಕೀರ್ತನೆ ತೆಗೆದು ಕೊಟ್ಟೆ. ಕೀರ್ತನೆಗಳ ಪುಸ್ತಕದಲ್ಲಿರುವ 150ರಲ್ಲಿ ಗೋಳಿನ ಕೀರ್ತನೆಗಳು ಬಹಳ. ಹೆಚ್ಚಿನವು ಎಷ್ಟೇ ಅತ್ತರೂ ಕೊನೆಗೆ ‘ಆದರೂ ನಿನ್ನನ್ನು ನಂಬುತ್ತೇನೆ’ ಎನ್ನುವ ಕಡೆ ತಿರುಗುತ್ತವೆ. ಇದು ತಿರುಗುವುದಿಲ್ಲ. ನನ್ನ ರಕ್ಷಕನಾದ ದೇವರೇ ಎಂದು ಕರೆಯುವುದರಿಂದ ಶುರುವಾಗಿ, ನನ್ನನ್ನು ಯಾಕೆ ತಳ್ಳಿಬಿಟ್ಟೆ, ಮುಖ ಯಾಕೆ ಮರೆಮಾಡಿಕೊಂಡೆ ಎಂದು ಕೇಳಿ, ಕತ್ತಲಲ್ಲೇ ಮುಗಿದುಹೋಗುತ್ತದೆ.

ಅವಳು ಓದಿ ಮುಗಿಸಿ ಪುಟ ತಿರುಗಿಸಿದಳು. ‘ಉಳಿದದ್ದು ಎಲ್ಲಿ?’

‘ಇಲ್ಲ. ಅಷ್ಟೇ ಇರೋದು.’

ಮತ್ತೆ ಹಿಂದಿನ ಪುಟಕ್ಕೆ ಹೋಗಿ ಮೊದಲಿಂದ ಓದಿದಳು. ‘ಇಷ್ಟಾದರೆ ನಾನೂ ಹೇಳಬಹುದು’ ಅಂದಳು.